ಹೋಗ್ಲಿ ಬಿಡಿ, ನಿಮ್ಮನ್ನೂ ಸೇರಿಸಿ

ಕೇಳುಗರಿಗೆ ನಮಸ್ಕಾರ.

ಒಲೆ ಮೇಲೆ ಹಾಲಿಟ್ಟಿದ್ದೀರಿ. ಫೋನ್ ಬಂತು, ಹೊರಗೆ ಹೋದಿರಿ, ಹಾಲು ಉಕ್ಕಿತು. ಕಟ್ಟೆಯೆಲ್ಲ ಹಾಲು, ಒಲೆ ಆರಿದೆ. ಒರೆಸುತ್ತಾ ನಿಮಗೆ ನೀವೇ ಏನು ಹೇಳಿಕೊಳ್ಳುತ್ತೀರಿ? "ನನ್ನ ತಲೆ ಎಲ್ಲಿತ್ತೋ. ಒಂದು ಕೆಲಸ ನೆಟ್ಟಗೆ ಬರಲ್ಲ ನನಗೆ. ಯಾವಾಗಲೂ ಇದೇ ಹಾಡು." ಇದೇ ಪಕ್ಕದ ಮನೆಯಲ್ಲಿ ಉಕ್ಕಿದ್ದರೆ? "ಅಯ್ಯೋ ಹೋಗ್ಲಿ ಬಿಡ್ರೀ, ಯಾರ ಮನೇಲಿ ಉಕ್ಕಲ್ಲ" ಅನ್ನುತ್ತೀರಿ, ಅಲ್ಲೇ ಇದ್ದ ಬಟ್ಟೆ ತಗೊಂಡು ಒರೆಸೋಕೂ ನಿಲ್ಲುತ್ತೀರಿ. ಸಮಾಧಾನ ಎಲ್ಲ ಪಕ್ಕದ ಮನೆಗೆ, ಬೈಗುಳ ಎಲ್ಲ ನಮಗೆ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ರಿಸ್ಟಿನ್ ನೆಫ್ ಅನ್ನುವ ಮನಶ್ಶಾಸ್ತ್ರಜ್ಞೆ, ಜನ ತಮ್ಮ ಜತೆ ತಾವು ಹೇಗೆ ನಡೆದುಕೊಳ್ಳುತ್ತಾರೆ ಅಂತ ಅಳೆಯೋಕೆ 2003ರಲ್ಲಿ 26 ಅಂಶಗಳ ಒಂದು ಪ್ರಶ್ನಾವಳಿಯನ್ನೇ ಮಾಡಿದರು. ತನ್ನ ಮೇಲೆ ತನಗಿರುವ ಕರುಣೆಯಲ್ಲಿ ಮೂರು ಸಂಗತಿ ಸೇರಿವೆ ಅನ್ನುತ್ತಾರೆ ಅವರು. ತನ್ನನ್ನು ತಾನು ಜರೆಯದೆ ಮೆತ್ತಗೆ ಮಾತಾಡಿಸಿಕೊಳ್ಳುವುದು. ನೋವನ್ನು ಮುಚ್ಚಿಡದೆ, ಹಿಗ್ಗಿಸದೆ, ಇದ್ದ ಹಾಗೆ ನೋಡುವುದು. ಆಮೇಲೆ, ಇದು ನನಗೊಬ್ಬರಿಗೇ ಆಗಿದ್ದಲ್ಲ ಅಂತ ತಿಳಿಯುವುದು. "ಯಾರ ಮನೇಲಿ ಉಕ್ಕಲ್ಲ" ಅಂದಿರಲ್ಲ, ಅದೇ ಈ ಮೂರನೆಯದು. "ನಿಮ್ಮನ್ನು ನೀವು ಪ್ರೀತಿಸಿ" ಅಂತ ಫೋನಿನಲ್ಲಿ ದಿನಾ ಬರುವ ಸಂದೇಶಗಳಲ್ಲಿ ಮೊದಲು ಬಿಟ್ಟುಹೋಗುವುದೂ ಅದೇ. ಅದು ಬಿಟ್ಟುಹೋದರೆ ಉಳಿಯುವುದು "ಪಾಪ ನಾನು" ಅನ್ನುವ ಕೊರಗು, ಅಷ್ಟೇ. ಅದಕ್ಕೇ ನಾನು ಹೇಳುವುದು: ನಮ್ಮ ಮೇಲೆ ನಮಗೆ ಕರುಣೆ ಬರಬೇಕಾದರೆ ನಾಲ್ಕು ಜನರ ಮಧ್ಯೆ ಕೂರಬೇಕು. ಕನ್ನಡಿ ಮುಂದೆ ಒಬ್ಬರೇ ನಿಂತು ಬರುವಂಥದ್ದಲ್ಲ ಅದು.

ಹಾಗಾದರೆ ಧ್ಯಾನ? ಅದೂ ಬೇಕು. 5ನೇ ಶತಮಾನದಲ್ಲಿ ಶ್ರೀಲಂಕಾದಲ್ಲಿದ್ದ ಬೌದ್ಧ ಪಂಡಿತ ಬುದ್ಧಘೋಷ, ಎಲ್ಲರಿಗೂ ಒಳ್ಳೇದಾಗಲಿ ಅಂತ ಹಾರೈಸುವ ಮೈತ್ರಿ ಧ್ಯಾನದ ಕ್ರಮ ಬರೆಯುತ್ತಾ, ಮೊದಲು ನಿನ್ನಿಂದಲೇ ಶುರು ಮಾಡು ಅನ್ನುತ್ತಾನೆ. ನನಗೆ ಸುಖ ಬೇಕು, ನೋವು ಬೇಡ. ಎದುರಿಗಿರುವವನಿಗೂ ಹಾಗೇ ತಾನೇ? ತನ್ನನ್ನೇ ಸಾಕ್ಷಿಯಾಗಿಟ್ಟುಕೊಂಡು ಬೇರೆಯವರ ಕಡೆ ಹೋಗುವ ದಾರಿ ಇದು. ವಿಪಶ್ಯನ ಅನ್ನುವ ಬೌದ್ಧ ಧ್ಯಾನ ಕಲಿಸಿದ ಎಸ್.ಎನ್. ಗೋಯೆಂಕಾ ಅವರ ಪರಂಪರೆಯ ಶಿಬಿರಗಳಿಗೆ ಹೋದವರು ನಿಮ್ಮಲ್ಲಿ ಇರಬಹುದು, ಬೆಂಗಳೂರಿನ ಹತ್ತಿರವೂ ಒಂದು ಕೇಂದ್ರ ಇದೆ. ಅಲ್ಲಿ 9 ದಿನ ಪೂರ್ತಿ ಮೌನ, ಪಕ್ಕದಲ್ಲಿ ಕೂತವರಿಗೆ ಸನ್ನೆಯನ್ನೂ ಮಾಡುವಂತಿಲ್ಲ. 10ನೇ ದಿನ ಮೈತ್ರಿ ಧ್ಯಾನ ಹೇಳಿಕೊಡುತ್ತಾರೆ. ಮೌನ ಬಿಡಿಸುವುದೂ ಅವತ್ತೇ. ಕರುಣೆಯ ಪಾಠ ಆದ ಮೇಲೆ ಜನ ಮಾತಾಡಲೇಬೇಕು ಅಂತ ಯಾರೋ ಬಲ್ಲವರು ಯೋಚನೆ ಮಾಡಿಯೇ ಇಟ್ಟ ಹಾಗಿದೆ.

ಮನೆಯಲ್ಲಿ ಮಾಡುವುದಾದರೆ ಇಷ್ಟು ಸಾಕು. ಎದೆ ಮೇಲೆ ಅಂಗೈ ಇಡಿ. ಕೈಯ ಬಿಸಿ ಗೊತ್ತಾಗುವವರೆಗೂ ಸುಮ್ನೆ ಇರಿ. ಮನಸ್ಸಿನಲ್ಲೇ ಹೇಳಿಕೊಳ್ಳಿ: "ಈಗ ಕಷ್ಟ ಆಗ್ತಿದೆ. ಬೇರೆಯವರಿಗೂ ಆಗುತ್ತೆ. ನನ್ನ ಜತೆ ನಾನು ಇರ್ತೀನಿ." ಮಾತು ನಿಮ್ಮದೇ ಇರಲಿ, ನಿಮ್ಮೂರಿನದೇ ಇರಲಿ. ಒಂದು ಎಚ್ಚರ ಮಾತ್ರ. ವರ್ಷಗಟ್ಟಲೆ ತಮ್ಮನ್ನು ತಾವೇ ಬೈದುಕೊಂಡು ಬಂದವರಿಗೆ ಮೊದಮೊದಲು ಇದರಿಂದ ಹಾಯ್ ಅನಿಸುವುದಿಲ್ಲ, ಅಳು ಬರುತ್ತದೆ, ಸಿಟ್ಟು ಬರುತ್ತದೆ, ಹಳೇದೆಲ್ಲ ಮೇಲೆ ಬರುತ್ತದೆ. ನೆಫ್ ಜತೆ ಸೇರಿ 8 ವಾರಗಳ ತರಬೇತಿ ರೂಪಿಸಿದ ಕ್ರಿಸ್ಟೋಫರ್ ಗರ್ಮರ್ ಇದನ್ನು ಬೆಂಕಿ ಬಿದ್ದ ಕೋಣೆಗೆ ಹೋಲಿಸುತ್ತಾರೆ: ಬಾಗಿಲು ತೆಗೆದ ಕೂಡಲೇ ಗಾಳಿ ನುಗ್ಗಿ ಜ್ವಾಲೆ ಭಗ್ ಅನ್ನುತ್ತದೆ. ನಿಮಗೂ ಹಾಗೇನಾದರೂ ಆದರೆ ಕೈ ತೆಗೆಯಿರಿ, ಕಣ್ಣು ಬಿಡಿ, ಎದ್ದು ಹೋಗಿ ಪಾತ್ರೆ ತೊಳೆಯಿರಿ. ಅದರಲ್ಲಿ ಸೋಲು ಗೀಲು ಏನೂ ಇಲ್ಲ.

ಪಾತ್ರೆಗಿಂತ ಒಳ್ಳೇದು ಸೂಜಿ ದಾರ. ಉತ್ತರ ಕರ್ನಾಟಕದವರಿಗೆ ಕೌದಿ ಅಂದರೆ ಹೇಳಬೇಕಾಗಿಲ್ಲ. ಹಳೇ ಸೀರೆ, ಪಂಚೆ, ಮಕ್ಕಳ ಅಂಗಿ, ಎಲ್ಲ ಹರಿದು, ಪದರ ಹಾಕಿ, ಮೇಲೆ ತೇಪೆ ಇಟ್ಟು ಹೊಲಿಯುವ ಹೊದಿಕೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರ ಕೌದಿ ಈಗ ಹೊರದೇಶದವರೂ ಕೊಂಡು ಗೋಡೆಗೆ ತೂಗುಹಾಕುವಷ್ಟು ಹೆಸರಾಗಿದೆ. ಅವರು ಒಂದು ಮೂಲೆಯಿಂದ ಹೊಲಿಗೆ ಶುರು ಮಾಡಿ, ಅಂಚಿನ ಗುಂಟ ಸುತ್ತಿ ಸುತ್ತಿ ಒಳಗೆ ಬರುತ್ತಾರೆ, ನಡುವಿಗೆ ಬಂದಾಗ ಮುಗಿಯಿತು. ಮೂಲೆಗಳಿಗೆ ಮಡಿಸಿದ ತ್ರಿಕೋನದ ತುಂಡು ಕೂರಿಸುತ್ತಾರೆ, ಅದಕ್ಕೆ ಫೂಲ ಅನ್ನುತ್ತಾರೆ. ಅದಿಲ್ಲದ ಕೌದಿ ಬರಿಮೈಯಲ್ಲಿದ್ದ ಹಾಗೆ ಅನ್ನುವುದು ಅವರ ಲೆಕ್ಕ.

ಕೌದಿ ತೋರಿಸಿ ಬದುಕಿನ ಬಗ್ಗೆ ನೀತಿ ಹೇಳೋಕೆ ಬಂದಿಲ್ಲ ನಾನು, ಹೆದರಬೇಡಿ. ಸುತ್ತ ಕೂತು ಒಟ್ಟಿಗೆ ಕೌದಿ ಹೊಲಿಯುವವರಿಗೆ ಏನಾಗುತ್ತೆ ಅನ್ನುವುದಷ್ಟೇ ನನ್ನ ಮಾತು. ಕಣ್ಣೆಲ್ಲ ಸೂಜಿ ಮೇಲೆ. ಯಾರ ಮುಖವನ್ನೂ ನೋಡಬೇಕಾಗಿಲ್ಲ, ಮಾತು ನಿಂತರೂ ಮುಜುಗರ ಇಲ್ಲ, ಕೈ ನಡೆಯುತ್ತಲೇ ಇರುತ್ತದೆ. ಎದುರುಬದುರು ಕೂತು "ನಿನ್ನ ಕಷ್ಟ ಹೇಳು" ಅಂದರೆ ಬಾಯಿ ಬಿಡದವರು ಇಲ್ಲಿ ದಾರ ಪೋಣಿಸುತ್ತಾ ತಾನಾಗಿ ಶುರು ಮಾಡುತ್ತಾರೆ, "ಮಗ ಎಸ್ಸೆಸ್ಸೆಲ್ಸಿ ಫೇಲಾದ, ನಾನು ಸರಿಯಾಗಿ ನೋಡ್ಕೊಳ್ಲಿಲ್ಲ" ಅಂತ. ಕೌದಿಯ ಆ ತುದಿಯಿಂದ ಇನ್ನೊಬ್ಬರು ತಲೆ ಎತ್ತದೆ "ನಮ್ದೂ ಅದೇ ಕತೆ ಕಣಕ್ಕ, ಎರಡು ಸಲ" ಅನ್ನುತ್ತಾರೆ. ಆ ಒಂದು ಮಾತಿನಿಂದ ಆಗುವ ಕೆಲಸ ಒಬ್ಬರೇ ಕಣ್ಣು ಮುಚ್ಚಿ ಎಷ್ಟು ಹೊತ್ತು ಕೂತರೂ ಆಗುವುದಿಲ್ಲ.

ಕೌದಿಯೇ ಆಗಬೇಕಂತಿಲ್ಲ. ರಂಗೋಲಿ ಆಗಬಹುದು. ಮಲೆನಾಡಿನವರಾದರೆ ದೀವರ ಹೆಂಗಸರು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ ಬರೆಯುವ ಹಸೆ ಚಿತ್ತಾರ ಆಗಬಹುದು. ಆದರೆ ದಯವಿಟ್ಟು ಸ್ಪರ್ಧೆ ಇಡಬೇಡಿ. ಪ್ರಥಮ, ದ್ವಿತೀಯ, ಸಮಾಧಾನಕರ ಬಹುಮಾನ ಅಂದ ಕೂಡಲೇ ಎಲ್ಲರೂ ಪಕ್ಕದವರ ಎಳೆ ನೋಡಿ ತಮ್ಮದನ್ನು ಅಳಿಸೋಕೆ ಶುರು ಮಾಡುತ್ತಾರೆ. ಯಾವುದರಿಂದ ತಪ್ಪಿಸಿಕೊಳ್ಳೋಕೆ ಬಂದರೋ ಅದೇ ಕೈಗೆ ಬಂತು, ಅಲ್ವಾ?

ತುಂಬಾ ದಿನದಿಂದ ನಿದ್ದೆ ಇಲ್ಲ, ಊಟ ಸೇರಲ್ಲ, ಬದುಕೇ ಬೇಡ ಅನಿಸುತ್ತಿದೆ ಅನ್ನುವವರು ಮಾತ್ರ ಕೌದಿ, ಧ್ಯಾನ ಅಂತ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ನೆರವಾಗೋಕೆ 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಸೇವೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಉಳಿದವರು ಈ ಭಾನುವಾರವೇ ಒಟ್ಟಿಗೆ ಕೂತು ನೋಡಿ. ಸ್ತ್ರೀಶಕ್ತಿ ಸಂಘವೋ, ಭಜನಾ ಮಂಡಳಿಯೋ, ಅಪಾರ್ಟ್‌ಮೆಂಟಿನ ನಾಲ್ಕು ಮನೆಯವರೋ, ಯಾರಾದರೂ ಸರಿ. ಗಂಡಸರೂ ಬರಲಿ, ಸೂಜಿ ಹಿಡಿಯೋಕೆ ಬರಲ್ಲ ಅಂದರೆ ಬಟ್ಟೆ ಹರಿಯಲಿ. ಮೊದಲು ಐದು ನಿಮಿಷ ಎಲ್ಲರೂ ಎದೆ ಮೇಲೆ ಕೈಯಿಟ್ಟು ಕೂರಿ, ಆಮೇಲೆ ಕೆಲಸ. ಕಟ್ಟುನಿಟ್ಟು ಒಂದೇ: ಯಾರಾದರೂ ಕಷ್ಟ ಹೇಳಿಕೊಂಡರೆ ಸಲಹೆ ಕೊಡಬಾರದು. "ನೀನು ಹಂಗೆ ಮಾಡಬೇಕಿತ್ತು" ಅಂತ ಬಾಯಿಗೆ ಬಂದರೆ ನುಂಗಿಕೊಳ್ಳಿ, ಹೊರಗೆ ಹೋದ ಮೇಲೂ ಆ ಮಾತು ಆಡಬೇಡಿ. ಇನ್ನು ಮೊದಲ ಕೌದಿ ಯಾರ ಮನೆಗೆ ಅನ್ನುವ ಜಗಳ ಬಂದೇ ಬರುತ್ತೆ. ಚೀಟಿ ಎತ್ತಿ.

ನಮಸ್ಕಾರ.