ಅಜ್ಜಿಯ ಎಡಗೈ

ನಮಸ್ಕಾರ. ದೋಸೆಗೆ ರುಬ್ಬೋಕೆ ಹಾಕಿದಾಗ ಒಂದು ನಿಮಿಷ ಗ್ರೈಂಡರ್ ಒಳಗೆ ಬಗ್ಗಿ ನೋಡಿ. ತಿರುಗ್ತಿರೋದು ಯಾವುದು?

ನಮ್ಮಜ್ಜಿ ಮನೇಲಿ ಒರಳು ನೆಲದಲ್ಲಿ ಹೂತು ಕೂತಿತ್ತು, ತಿರುಗ್ತಿದ್ದಿದ್ದು ಗುಂಡು. ಗ್ರೈಂಡರಲ್ಲಿ ಪೂರ್ತಿ ತಿರುವುಮುರುವು. ಒರಳೇ ತಿರುಗತ್ತೆ, ಗುಂಡು ಕಂಬಿಗೆ ಸಿಕ್ಕಿಕೊಂಡು ಇದ್ದಲ್ಲೇ ಉರುಳತ್ತೆ. ಅಷ್ಟು ಭಾರದ ಒರಳನ್ನ ಕೈಯಲ್ಲಿ ತಿರುಗಿಸೋಕಾಗಲ್ಲ, ಮೋಟರಿಗೆ ಅದು ಸುಲಭ.

ಅಜ್ಜಿ ಬಲಗೈಲಿ ಗುಂಡು ತಿರುಗಿಸ್ತಾ, ಎಡಗೈಲಿ ಅಂಚಿಗೆ ಬಂದ ಹಿಟ್ಟನ್ನ ಮತ್ತೆ ಗುಂಡಿನ ಕೆಳಗೆ ತಳ್ತಿದ್ರು. ಬೆರಳು ಒಂದು ಕ್ಷಣ ತಡವಾದ್ರೆ ಜಜ್ಜಿ ಹೋಗ್ತಿತ್ತು. ಈಗ ಗ್ರೈಂಡರ್ ಗೋಡೆಗೆ ಒತ್ತಿಕೊಂಡು ಒಂದು ಸಣ್ಣ ಪಟ್ಟಿ ಹಿಟ್ಟು ಸವರ್ತಾ ಇರತ್ತಲ್ಲ, ಅದೇ ಅಜ್ಜಿಯ ಎಡಗೈ! ಅದನ್ನ ಮಾಡಿದವರು ಯಾರೋ ಒರಳಿನ ಮುಂದೆ ಕೂತು ಒಬ್ಬ ಹೆಂಗಸಿನ ಎರಡೂ ಕೈ ನೋಡಿದ್ದಾರೆ. ನನಗೆ ಡಿಸೈನ್ ಅಂದ್ರೆ ಇದು.

ಕೊಯಮತ್ತೂರಿನ ಪಿ. ಸಭಾಪತಿ 1955ರಲ್ಲಿ ಈ ಗ್ರೈಂಡರ್ ಮಾಡಿದ್ರು. ಪಂಪು, ಮೋಟರು, ಎರಕದ ಕೆಲಸಕ್ಕೆ ಹೆಸರಾದ ಊರು ಅದು. ಇವತ್ತು ಕೊಯಮತ್ತೂರು ಗ್ರೈಂಡರಿಗೆ ಜಿಐ ಟ್ಯಾಗೂ ಇದೆ, ಅಂದ್ರೆ ಇದು ಆ ಊರಿನದೇ ವಿಶೇಷ ಅನ್ನೋ ಸರ್ಕಾರಿ ಗುರುತು. ಎಲ್ಲಾ ಬದಲಾಯಿಸಿದ್ರೂ ಅವರು ಕಲ್ಲನ್ನ ಬಿಡಲಿಲ್ಲ. ಮಿಕ್ಸಿ ಬ್ಲೇಡು ಜೋರಾಗಿ ತಿರುಗಿ ಕತ್ತರಿಸತ್ತೆ, ಹಿಟ್ಟು ಬಿಸಿಯಾಗತ್ತೆ. ಕಲ್ಲು ನಿಧಾನಕ್ಕೆ ಅರೆಯತ್ತೆ, ಉದ್ದಿನಬೇಳೆ ಗಾಳಿ ತುಂಬಿಕೊಂಡು ಬೆಣ್ಣೆ ಥರ ಉಬ್ಬಿ ಬರತ್ತೆ. ಇಡ್ಲಿ ಮಾಡೋ ಮನೆಯವರಿಗೆಲ್ಲ ಈ ವ್ಯತ್ಯಾಸ ಗೊತ್ತು.

ಆದ್ರೆ ರುಬ್ಬಿದ ಮೇಲಿನ ಕೆಲಸ? ಒರಳಲ್ಲಿ ಹಿಟ್ಟು ತೋಡಿ, ನೀರು ಹಾಕಿ, ಉಳಿದಿದ್ದನ್ನ ತೆಂಗಿನ ಚಿಪ್ಪಲ್ಲಿ ಗೋರಿ ತೆಗೀಬೇಕಿತ್ತು. ಬಗ್ಗಿಸೋ ಗ್ರೈಂಡರ್ ಬಂದಾಗ ಪಾತ್ರೆ ಒಡ್ಡಿ ಬಗ್ಗಿಸಿದ್ರೆ ಆಯ್ತು ಅನ್ನೋ ಹಾಗಾಯ್ತು. ಆಮೇಲೆ ಕಟ್ಟೆ ಮೇಲಿಡೋ ಪುಟ್ಟ ಗ್ರೈಂಡರ್ ಬಂತು. ಜಾಗ ಉಳೀತು ನಿಜ. ಆದ್ರೆ ನಮ್ಮನೇದರಲ್ಲಿ ಎರಡು ಉರುಳುಗಲ್ಲಿನ ಸಂದು, ನಡುವಿನ ಕಂಬದ ಬುಡ, ಮುಚ್ಚಳದ ಅಂಚು, ಎಲ್ಲಾ ಕಡೆ ಹಿಟ್ಟು ಹೊಕ್ಕಿಕೊಳ್ಳತ್ತೆ. ಬಣ್ಣ ಬಣ್ಣದ ಹೊಸ ಮಾಡೆಲ್ ವರ್ಷ ವರ್ಷ ಬರ್ತಿವೆ, ಆ ಸಂದು ಮಾತ್ರ ಹಾಗೇ ಇದೆ.

ಗ್ರೈಂಡರ್ ಮಾಡೋರಿಗೆ ನನ್ನ ಕೋರಿಕೆ ಒಂದೇ. ರುಬ್ಬೋ ಕೈ ನೋಡಿದ ಹಾಗೆ ತೊಳೆಯೋ ಕೈಯನ್ನೂ ಒಮ್ಮೆ ಬಂದು ನೋಡಿ. ನಮ್ಮಮ್ಮ ಶನಿವಾರ ರಾತ್ರಿ ಹಿಟ್ಟನ್ನ ಪಾತ್ರೆಗೆ ಹಾಕಿ ಮುಚ್ಚಿಟ್ಟ ಮೇಲೆ, ಸಿಂಕಿನ ಮುಂದೆ ನಿಂತು, ಹಳೇ ಟೂತ್‌ಬ್ರಷ್ ಹಿಡ್ಕೊಂಡು ಆ ಸಂದು ಉಜ್ಜುತ್ತಾ ಇರ್ತಾರೆ.