ಮೊದಲು ಕಂಡೆನ್ಸರ್ ಕೇಳಿ, ಆಮೇಲೆ ಟ್ಯಾಂಕ್ ಕೇಳಿ

ಎಲ್ಲರಿಗೂ ನಮಸ್ಕಾರ ರೀ, ಬಾಗಲಕೋಟೆಯಿಂದ. ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಬಂದಿದೆ. "ಅಣ್ಣಾ, ಕಂಡೆನ್ಸರ್ ಪುರಾಣ ಸಾಕು. ಎಕ್ಸ್‌ಟ್ರಾಕ್ಟರ್ 500 ಲೀಟರ್‌ದು ತಗೊಳ್ಳಲಾ, 1000 ಲೀಟರ್‌ದು ತಗೊಳ್ಳಲಾ, ಅಷ್ಟು ಹೇಳು." ಇದಕ್ಕೆ ಲೈಕ್ ಬೇರೆ ಬಿದ್ದಿವೆ! ನನಗೆ ಸಿಟ್ಟು ಬಂದಿದೆ. ಅವರು ಕೇಳುತ್ತಿರುವುದು ಹೂವಿನಿಂದ ಸುಗಂಧ ತೆಗೆಯುವ ಪ್ಲಾಂಟ್ ಬಗ್ಗೆ. ಎಕ್ಸ್‌ಟ್ರಾಕ್ಟರ್ ಅಂದರೆ ಅದರಲ್ಲಿ ಹೂ ತೊಳೆಯುವ ಟ್ಯಾಂಕ್, ಕಂಡೆನ್ಸರ್ ಅಂದರೆ ಆವಿಯನ್ನು ತಣ್ಣಗೆ ಮಾಡಿ ಮತ್ತೆ ದ್ರವ ಮಾಡುವ ಯಂತ್ರ. ಹಾಗಾಗಿ ಇವತ್ತು ಪೂರ್ತಿ ಕಂಡೆನ್ಸರ್ ಪುರಾಣವೇ.

ಹೊಸಬರಿಗೆ ಒಂದು ಮಾತು. ನಿಂಬೆಹುಲ್ಲು, ಪಾಮರೋಸಾದಂಥ ಸುವಾಸನೆಯ ಹುಲ್ಲು ಬೆಳೆದವರಿಗೆ ಹಬೆಯ ಭಟ್ಟಿ ಸಾಕು, ಈ ವಿಡಿಯೋ ನಿಮಗಲ್ಲ. ಮಲ್ಲಿಗೆ, ಸುಗಂಧರಾಜ ಹಾಗಲ್ಲ. ಹಬೆಯ ಬಿಸಿಗೆ ಅವುಗಳ ವಾಸನೆ ಕೆಡುತ್ತದೆ, ಎಣ್ಣೆಯೂ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಹೂವನ್ನು ಹೆಕ್ಸೇನ್ ಅನ್ನುವ, ಪೆಟ್ರೋಲಿನಂಥ ದ್ರವದಲ್ಲಿ ತೊಳೆಯುತ್ತಾರೆ, ವಾಸನೆ ಅದರಲ್ಲಿ ಕರಗುತ್ತದೆ. ಹೆಕ್ಸೇನ್ ಆವಿಯಾಗಿ ಹೋದ ಮೇಲೆ ಮೇಣದಂತೆ ಉಳಿಯುವುದು ಕಾಂಕ್ರೀಟ್. ಅದನ್ನು ಆಲ್ಕೋಹಾಲ್‌ನಲ್ಲಿ ಕರಗಿಸಿ, ತಣ್ಣಗೆ ಮಾಡಿ, ಮೇಣ ಸೋಸಿ, ಆಲ್ಕೋಹಾಲ್ ತೆಗೆದರೆ ಆಬ್ಸಲ್ಯೂಟ್. ಸುಗಂಧರಾಜದಲ್ಲಿ ಸಾವಿರ ಕಿಲೋ ಹೂವಿಗೆ ಒಂದು ಕಿಲೋ ಆಸುಪಾಸು ಕಾಂಕ್ರೀಟ್ ಸಿಗುತ್ತದೆ. ಆ ಒಂದು ಕಿಲೋಗಾಗಿ ಸಾವಿರಾರು ಲೀಟರ್ ಹೆಕ್ಸೇನ್ ಆವಿಯಾಗಬೇಕು, ಮತ್ತೆ ದ್ರವವಾಗಿ ಟ್ಯಾಂಕಿಗೆ ಬರಬೇಕು. ಮತ್ತೆ ದ್ರವ ಮಾಡುವುದು ಯಾರು? ಕಂಡೆನ್ಸರ್! ಟ್ಯಾಂಕ್ ಅಲ್ಲ.

ಈಗ ನಮ್ಮ ಕಡೆಯ ಬಿಸಿಲು ತಗೊಳ್ಳಿ. ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಹೆಕ್ಸೇನ್ ಕುದಿಯುವುದೇ 69 ಡಿಗ್ರಿಗೆ. 20 ಡಿಗ್ರಿಯಲ್ಲಿ ಅದರ ಆವಿ ಒತ್ತಡ, ಅಂದರೆ ಆವಿಯಾಗಿ ಹಾರುವ ಜೋರು, ಪಾದರಸದ ಲೆಕ್ಕದಲ್ಲಿ ಸುಮಾರು 120 ಮಿಲಿಮೀಟರ್. 40 ಡಿಗ್ರಿಯಲ್ಲಿ ಸುಮಾರು 280. ಅಂದರೆ ಕಂಡೆನ್ಸರ್ ಬಿಸಿಯಾಗಿದ್ದರೆ, ವೆಂಟ್ ಪೈಪಿನಿಂದ ಹೊರಹೋಗುವ ಗಾಳಿಯ ಜೊತೆ ಎರಡು ಪಟ್ಟಿಗಿಂತ ಜಾಸ್ತಿ ಹೆಕ್ಸೇನ್ ಹೋಗುತ್ತದೆ. ವ್ಯಾಕ್ಯೂಮ್‌ನಲ್ಲಿ, ಅಂದರೆ ಪಂಪಿನಿಂದ ಒಳಗಿನ ಗಾಳಿ ಎಳೆದು ಒತ್ತಡ ಇಳಿಸಿದಾಗ, ಇನ್ನೂ ಕಷ್ಟ. ಹೂವಿನ ವಾಸನೆ ಉಳಿಯಲಿ ಅಂತ ಕೊನೆಯಲ್ಲಿ ವ್ಯಾಕ್ಯೂಮ್ ಹಾಕಲೇಬೇಕು. ಒತ್ತಡ 100 ಮಿಲಿಮೀಟರ್‌ಗೆ ಇಳಿದರೆ ಹೆಕ್ಸೇನ್ 16 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಗಾಳಿಗೆ ನೀರು ಆರಿಸುವ ಕೂಲಿಂಗ್ ಟವರ್‌ನ 32 ಡಿಗ್ರಿ ನೀರು ಅದನ್ನು ಹಿಡಿಯುತ್ತದಾ? ಹಿಡಿಯಲ್ಲ ರೀ! ಹೆಕ್ಸೇನ್ ನೇರ ಪಂಪಿಗೆ, ಪಂಪಿನಿಂದ ಹೊರಗೆ. ತಳ ಒಡೆದ ಕೊಡವನ್ನು ಎಷ್ಟು ದೊಡ್ಡದು ತಂದರೇನು?

"ನಮ್ಮ ಬೋರ್ ನೀರು ತಣ್ಣಗಿದೆ" ಅನ್ನುತ್ತಾರೆ ಒಬ್ಬರು. ಕೈಗೆ ತಣ್ಣಗಿರಬಹುದು, ಹೆಕ್ಸೇನ್‌ಗಲ್ಲ. ಮೇಲಿಂದ ಅದು ಗಡಸು ನೀರು. ಕಂಡೆನ್ಸರ್ ಟ್ಯೂಬಿನೊಳಗೆ ಸುಣ್ಣ ಕಟ್ಟುತ್ತದೆ, ಶಾಖ ದಾಟುವುದಿಲ್ಲ. ನೀರನ್ನು ಫ್ರಿಜ್‌ನಂತೆ ತಣ್ಣಗೆ ಮಾಡುವ ಚಿಲ್ಲರ್ ಬೇಕು, ಅದರೊಳಗೆ ಸಂಸ್ಕರಿಸಿದ ನೀರು ಸುತ್ತಬೇಕು. ಮುಗೀತು.

"ಹೆಕ್ಸೇನ್ ಹೋದರೆ ಹೋಗಲಿ, ಮತ್ತೆ ತರ್ತೀವಿ" ಅನ್ನುತ್ತಾರೆ ಇನ್ನೊಬ್ಬರು. ಇವರ ಮೇಲೆ ನನಗೆ ಎಲ್ಲಕ್ಕಿಂತ ಜಾಸ್ತಿ ಸಿಟ್ಟು. ಹೆಕ್ಸೇನ್ ಆವಿ ಗಾಳಿಗಿಂತ ಸುಮಾರು ಮೂರು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ, ಚರಂಡಿಯಲ್ಲಿ ಕೂರುತ್ತದೆ. ಗಾಳಿಯಲ್ಲಿ ಶೇಕಡಾ 1.1ರಷ್ಟು ಸೇರಿದರೆ ಸಾಕು, ಒಂದು ಸ್ವಿಚ್ಚಿನ ಕಿಡಿಗೆ ಹೊತ್ತಿಕೊಳ್ಳುತ್ತದೆ. ತಿಂಗಳುಗಟ್ಟಲೆ ಅದನ್ನು ಉಸಿರಾಡುವ ಕೆಲಸಗಾರರ ನರ ಹಾಳಾಗುತ್ತದೆ, ಕೈಕಾಲು ಜೋಮು ಹಿಡಿಯುತ್ತದೆ. ಅವರೂ ನಮ್ಮ ಊರಿನ ಹುಡುಗರೇ ಅಲ್ವಾ? ಕಾನೂನಿನಲ್ಲಿ ಹೆಕ್ಸೇನ್ ಎ ದರ್ಜೆಯ, ಅಂದರೆ ಬಹಳ ಬೇಗ ಹೊತ್ತಿಕೊಳ್ಳುವ ಪೆಟ್ರೋಲಿಯಂ. 30 ಲೀಟರ್ ದಾಟಿ ಇಟ್ಟುಕೊಂಡರೆ ಲೈಸೆನ್ಸ್ ಬೇಕು. ಮೋಟಾರು, ಲೈಟು ಎಲ್ಲ ಫ್ಲೇಮ್‌ಪ್ರೂಫ್, ಅಂದರೆ ಒಳಗಿನ ಬೆಂಕಿ ಹೊರಗೆ ಬಿಡದಂಥವು ಇರಬೇಕು.

ಇನ್ನು ಕರೆಂಟು. ಕರೆಂಟ್ ಹೋದರೆ ಚಿಲ್ಲರ್ ನಿಲ್ಲುತ್ತದೆ, ಆದರೆ ಬಾಯ್ಲರಿನ ಹಬೆ ತಕ್ಷಣ ನಿಲ್ಲುವುದಿಲ್ಲ. ಹೆಕ್ಸೇನ್ ಕುದಿಯುತ್ತಲೇ ಇರುತ್ತದೆ, ಹಿಡಿಯುವವರು ಇಲ್ಲ. ಚಿಲ್ಲರ್ ನಿಂತ ಕ್ಷಣ ಹಬೆಯ ವಾಲ್ವ್ ತಾನಾಗಿ ಮುಚ್ಚಬೇಕು. ಈ ವ್ಯವಸ್ಥೆ ಇಲ್ಲದ ಪ್ಲಾಂಟ್ ಸುಮ್ನೆ ಕೊಟ್ಟರೂ ಬೇಡ ಅನ್ನಿ.

ಎಕ್ಸ್‌ಟ್ರಾಕ್ಟರ್ ಬಗ್ಗೆ ಹೇಳೇ ಇಲ್ಲ ಅಂತೀರಿ. ಹೇಳ್ತೀನಿ. ಒಳಗೆ ತೂತಿನ ತಟ್ಟೆಗಳಿರಲಿ, ಇಲ್ಲದಿದ್ದರೆ ಹೂ ತನ್ನ ಭಾರಕ್ಕೇ ಅಮುಕಿಹೋಗುತ್ತದೆ. ತೊಳೆದು ಮುಗಿದ ಹೂವಿನಲ್ಲಿ ಉಳಿದ ಹೆಕ್ಸೇನನ್ನು ಹಬೆ ಕೊಟ್ಟು ತೆಗೆಯಬೇಕು. ಆ ಆವಿಯೂ ಎಲ್ಲಿಗೆ ಹೋಗಬೇಕು? ಕಂಡೆನ್ಸರಿಗೇ! ಯಾವ ದಾರಿ ಹಿಡಿದರೂ ಅಲ್ಲಿಗೇ ಬರ್ತೀರಿ.

ಕೊಟೇಶನ್ ಕೊಡುವವರನ್ನು ಹೀಗೆ ಕೇಳಿ. ಕಂಡೆನ್ಸರ್ ಎಷ್ಟು ಚದರ ಮೀಟರ್? ಎಷ್ಟು ಡಿಗ್ರಿ ನೀರಿಗೆ ಲೆಕ್ಕ ಹಾಕಿದ್ದೀರಿ? ಒಂದು ಬ್ಯಾಚಿಗೆ ಎಷ್ಟು ಲೀಟರ್ ಹೆಕ್ಸೇನ್ ನಷ್ಟ, ಬರೆದುಕೊಡ್ತೀರಾ? ಬರೆದುಕೊಡಲ್ಲ ಅಂದರೆ ಚಹಾ ಕುಡಿಸಿ ಕಳಿಸಿಬಿಡಿ.

"ಎಲ್ಲ ಕಡೆ ಹಂಗೇ ನಡೀತದ" ಅನ್ನಬೇಡಿ. ನಡೆಯಲಿ ಬಿಡಿ. ನಮ್ಮಲ್ಲಿ ನಡೆಯಬಾರದು. ಅರಭಾವಿಯಲ್ಲಿ ತೋಟಗಾರಿಕೆ ಕಾಲೇಜಿದೆ, ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ಯಾವ ತಳಿ ಹಾಕಬೇಕು, ಹೋಗಿ ಕೇಳಿ. ಕಾಂಕ್ರೀಟಿಗೆ ಒಂಟಿ ಸುತ್ತಿನ ಎಸಳಿನ ಸುಗಂಧರಾಜವೇ ಆಗಬೇಕು, ಅದನ್ನೂ ಅವರೇ ಹೇಳ್ತಾರೆ. ಹೂ ಬೆಳೆಯುವುದು ನಮಗೆ ಗೊತ್ತು. ಸಾಲ ಮಾಡಿ ಹಾಕಿದ ದುಡ್ಡು ವೆಂಟ್ ಪೈಪಿನಲ್ಲಿ ಹೋಗಬಾರದು ಅನ್ನುವುದಷ್ಟೇ ನನ್ನ ಹಟ. ಕಂಡೆನ್ಸರ್, ಕಂಡೆನ್ಸರ್, ಕಂಡೆನ್ಸರ್. ಇನ್ನೂ ನೂರು ಸಲ ಹೇಳ್ತೀನಿ, ಕೇಳಿ ಬೇಜಾರಾದರೂ ಹೇಳ್ತೀನಿ.

ನಿಮ್ಮ ಹತ್ತಿರ ಕೊಟೇಶನ್ ಇದ್ದರೆ ಕಂಪನಿ ಹೆಸರು, ಫೋನ್ ನಂಬರ್ ಅಳಿಸಿ ಚಾನೆಲ್‌ಗೆ ಕಳಿಸಿ. ಮುಂದಿನ ವಾರ ಅವನ್ನೇ ಸಾಲಾಗಿ ಇಟ್ಟುಕೊಂಡು ನೋಡೋಣ. ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಗಂಟೆ ಒತ್ತಿ. ಗೋಕಾಕ, ಜಮಖಂಡಿ, ಇಂಡಿ ಕಡೆ ಹೂ ಹಾಕಿದವರು ಯಾರಿದ್ದೀರಿ, ಕೆಳಗೆ ಊರ ಹೆಸರು ಬರೀರಿ.