40ಕ್ಕೆ 30 ಕೂಡಿಸಿದರೆ 4030

ಕೇಳುಗರಿಗೆ ನಮಸ್ಕಾರ.

ಮುಂಬೈಯಲ್ಲಿ ನಮ್ಮವರ ಯಾವ ಸಂಘದ ಕಾರ್ಯಕ್ರಮಕ್ಕೆ ಹೋದರೂ ಊಟದ ಹೊತ್ತಿಗೆ ಒಬ್ಬರಾದರೂ ತಾಯಿ ಹತ್ತಿರ ಬಂದು ಕೇಳುತ್ತಾರೆ: ‘ಮಗ ಬಿ.ಕಾಂ. ಮುಗಿಸಿದ್ದಾನೆ. ವೆಬ್ ಡೆವಲಪ್‌ಮೆಂಟ್ ಕಲಿತರೆ ಕೆಲಸ ಸಿಗುತ್ತದಂತೆ, ಹೌದಾ?’ ಸಿಗಬಹುದಮ್ಮಾ. ಆದರೆ ಅವನು ಏನು ಮಾಡಿ ತೋರಿಸುತ್ತಾನೆ ಅನ್ನುವುದರ ಮೇಲೆ ನಿಂತಿದೆ.

ವೆಬ್ ಡೆವಲಪ್‌ಮೆಂಟ್ ಅಂದರೆ ವೆಬ್‌ಸೈಟ್ ಕಟ್ಟುವ ಕೆಲಸ. ಅದಕ್ಕೆ ಕಲಿಯಬೇಕಾದ್ದು ಮೊದಲಿಗೆ ಮೂರು ಭಾಷೆ. ಪುಟದಲ್ಲಿ ಏನೇನಿದೆ ಎಂದು ಹೇಳುವುದಕ್ಕೆ ಎಚ್‌ಟಿಎಂಎಲ್, ಅದು ಹೇಗೆ ಕಾಣಬೇಕು ಎನ್ನುವುದಕ್ಕೆ ಸಿಎಸ್‌ಎಸ್, ಒತ್ತಿದರೆ ಏನಾಗಬೇಕು ಎನ್ನುವುದಕ್ಕೆ ಜಾವಾಸ್ಕ್ರಿಪ್ಟ್. ಹುಡುಗರಿಗೆ ಇವು ಬೇಸರ. ಪುಟ ಕಟ್ಟುವುದಕ್ಕೆ 2013ರಲ್ಲಿ ಫೇಸ್‌ಬುಕ್ ಹೊರತಂದ ಸಿದ್ಧ ಸಲಕರಣೆ ರಿಯಾಕ್ಟ್‌ಗೆ ನೇರವಾಗಿ ಹಾರಬೇಕು ಅಂತ ಆಸೆ, ಕೆಲಸದ ಜಾಹೀರಾತುಗಳಲ್ಲಿ ಅದೇ ಹೆಸರು ಕಾಣುತ್ತದಲ್ಲ! ರಿಯಾಕ್ಟ್ ಬೇಕು, ಬೇಡ ಅನ್ನುವುದಿಲ್ಲ. ಆದರೆ ಅದೂ ಜಾವಾಸ್ಕ್ರಿಪ್ಟ್‌ನ ಮೇಲೆಯೇ ನಿಂತದ್ದು. ಅಡಿಪಾಯ ಗಟ್ಟಿಯಿಲ್ಲದವನು ಸಂದರ್ಶನದಲ್ಲಿ ಎರಡನೆಯ ಪ್ರಶ್ನೆಗೇ ತಡವರಿಸುತ್ತಾನೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಮಾವನದೋ ಪರಿಚಯದವರದೋ ಒಂದು ಉಡುಪಿ ಹೋಟೆಲು ಇದೆ ಅನ್ನಿ. ಅದಕ್ಕೊಂದು ಪುಟ ಮಾಡಿ. ಇಡ್ಲಿಯ ದರ ಬರೆಯಲು ಒಂದು ಚೌಕ, ಕಾಫಿಯ ದರಕ್ಕೆ ಇನ್ನೊಂದು, ಕೆಳಗೆ ‘ಒಟ್ಟು’ ಅನ್ನುವ ಬಟನ್. ಇಡ್ಲಿಗೆ 40, ಕಾಫಿಗೆ 30 ಹಾಕಿ ಒತ್ತಿದರೆ ಪುಟ ಏನು ತೋರಿಸುತ್ತದೆ ಗೊತ್ತೇ? ನಾಲ್ಕು ಸಾವಿರದ ಮೂವತ್ತು! ಗಿರಾಕಿ ಎದ್ದು ಓಡಬೇಕು. ಆಗುವುದಿಷ್ಟೇ: ಚೌಕದಲ್ಲಿ ನೀವು ಟೈಪ್ ಮಾಡಿದ್ದು ಜಾವಾಸ್ಕ್ರಿಪ್ಟ್‌ಗೆ ಸಂಖ್ಯೆಯಾಗಿ ಸಿಗುವುದಿಲ್ಲ, ಅಕ್ಷರಗಳಾಗಿ ಸಿಗುತ್ತದೆ. ಅಕ್ಷರಗಳ ನಡುವೆ ಪ್ಲಸ್ ಹಾಕಿದರೆ ಅದು ಕೂಡಿಸುವುದಿಲ್ಲ, ಪಕ್ಕಪಕ್ಕ ಅಂಟಿಸುತ್ತದೆ. ತಮಾಷೆಯೆಂದರೆ ಮೈನಸ್ ಹಾಕಿದರೆ ಸರಿಯಾಗಿ 10 ಬರುತ್ತದೆ. ಅಕ್ಷರಗಳನ್ನು ಕಳೆಯಲು ಬಾರದೆ ಅದು ತಾನಾಗಿ ಸಂಖ್ಯೆ ಮಾಡಿಕೊಳ್ಳುತ್ತದೆ. 1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಗೆ ಮೊದಲ ರೂಪ ಕೊಟ್ಟದ್ದು ಹತ್ತೇ ದಿನಗಳಲ್ಲಿ. ಅದರ ಚೇಷ್ಟೆಗಳೊಂದಿಗೆ ಜಗತ್ತು ಇವತ್ತಿಗೂ ಬಾಳುತ್ತಿದೆ. ಪರಿಹಾರ ಸುಲಭ, ಕೂಡಿಸುವ ಮೊದಲು ಎರಡನ್ನೂ ಸಂಖ್ಯೆಯಾಗಿ ಬದಲಾಯಿಸಿದರೆ ಮುಗಿಯಿತು. ರಾತ್ರಿ ಕೂತು ಇದನ್ನು ತಾನೇ ಹುಡುಕಿ ಸರಿಮಾಡಿದವನು ಸಂದರ್ಶನದಲ್ಲಿ ಐದು ನಿಮಿಷ ನಿರಾಳವಾಗಿ ಮಾತಾಡಬಲ್ಲ.

ಅದೇ ಹೋಟೆಲಿನ ಮೆನುವನ್ನು ಕನ್ನಡದಲ್ಲಿ ಹಾಕಿ ನೋಡಿ. ಎಲ್ಲ ಭಾಷೆಗಳ ಅಕ್ಷರಗಳನ್ನೂ ಕಂಪ್ಯೂಟರಿಗೆ ತಿಳಿಸುವ ಸಂಕೇತ ಪದ್ಧತಿ ಯುಟಿಎಫ್-8. ಪುಟದ ತಲೆಯಲ್ಲಿ ಅದನ್ನು ನಮೂದಿಸದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಬರಬಹುದು. ಅದು ಸರಿಹೋಯಿತು ಅನ್ನುವಷ್ಟರಲ್ಲಿ ಇನ್ನೊಂದು ತೊಂದರೆ. ಇಂಗ್ಲಿಷಿಗೆ ಅಳೆದು ಮಾಡಿದ ಗಿಡ್ಡ ಚೌಕದೊಳಗೆ ‘ಅಕ್ಕಿ ರೊಟ್ಟಿ’ ಬರೆದರೆ ಕೆಳಗಿನ ಒತ್ತಕ್ಷರಗಳು ಅರ್ಧಕ್ಕೆ ಕತ್ತರಿಸಿಹೋಗಬಹುದು. ಸಾಲಿನ ಎತ್ತರ ಸ್ವಲ್ಪ ಹೆಚ್ಚಿಸಬೇಕು, ಚೌಕಕ್ಕೆ ಬಿಗಿಯಾದ ಎತ್ತರ ಕೊಡಬಾರದು. ಕನ್ನಡ ಓದಲು ಬಾರದ ಡಿಸೈನರನ ಕಣ್ಣಿಗೆ ಇದು ಬೀಳುವುದೇ ಇಲ್ಲ, ನಿಮ್ಮ ಕಣ್ಣಿಗೆ ತಕ್ಷಣ ಬೀಳುತ್ತದೆ. ಮರಾಠಿ, ಹಿಂದಿ ಪುಟಗಳಿಗೂ ಈ ಕಣ್ಣು ಬೇಕು. ಈ ಊರಿನಲ್ಲಿ ಅದಕ್ಕೆ ಬೆಲೆಯಿದೆ ಎಂದು ನನ್ನ ಅಭಿಪ್ರಾಯ.

ಪುಟ ಆದಮೇಲೆ ಅದನ್ನು ಗಿಟ್‌ಹಬ್‌ನಲ್ಲಿ, ಅಂದರೆ ಬರೆದ ಕೋಡನ್ನು ಇಟ್ಟು ಇತರರಿಗೆ ತೋರಿಸುವ ಜಾಲತಾಣದಲ್ಲಿ, ಇಡಿ. ಅಲ್ಲಿಂದಲೇ ಕಾಸಿಲ್ಲದೆ ಜಾಲಕ್ಕೂ ಏರಿಸಬಹುದು. ಬಯೋಡೇಟಾದಲ್ಲಿ ಹತ್ತು ಕೋರ್ಸುಗಳ ಹೆಸರಿಗಿಂತ ಫೋನಿನಲ್ಲಿ ತೆರೆದು ನೋಡಬಹುದಾದ ಒಂದು ಪುಟ ಹೆಚ್ಚು ಕೆಲಸ ಮಾಡುತ್ತದೆ.

ಕಲಿಯುವುದಕ್ಕೆ ಲಕ್ಷಗಟ್ಟಲೆ ಫೀಸು ಕಟ್ಟಬೇಕೆಂದಿಲ್ಲ. ಫ್ರೀಕೋಡ್‌ಕ್ಯಾಂಪ್ ಎಂಬ ಜಾಲತಾಣದಲ್ಲಿ ಪಾಠವೂ ಅಭ್ಯಾಸವೂ ಉಚಿತ. ಅನುಮಾನ ಬಂದಾಗ ನೋಡಲು ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದವರ ಎಂಡಿಎನ್ ಎಂಬ ಕೈಪಿಡಿ ತಾಣ ಇದೆ. ಇಂಗ್ಲಿಷಿನಲ್ಲಿದೆ ಎಂದು ಹೆದರಬೇಡಿ, ನಾಳೆ ಆಫೀಸಿನಲ್ಲೂ ಅದನ್ನೇ ಓದಬೇಕು. ಲ್ಯಾಪ್‌ಟಾಪ್ ಹೊಸದೇ ಆಗಬೇಕೆಂದಿಲ್ಲ. ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿ, 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ (ವೇಗದ ಸಂಗ್ರಹ ಡಿಸ್ಕ್) ಇರುವ ಹಳೆಯದು ಸಾಕು. ಬೆಳಗಿನ ಲೋಕಲಿನಲ್ಲಿ ಒಂಟಿ ಕಾಲಲ್ಲಿ ನಿಂತು ಫೋನಿನಲ್ಲಿ ವಿಡಿಯೊ ನೋಡುತ್ತೀರಲ್ಲ, ನೋಡಿ. ಕೋಡ್ ಮಾತ್ರ ಮನೆಗೆ ಬಂದು ಬೆರಳಿನಿಂದ ಬರೆದೇ ಬರಬೇಕು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಊರು ಇದು, ರಾತ್ರಿಯ ಓದು ನಮಗೆ ಹೊಸತಲ್ಲ.

ಎಐಯನ್ನು ಕೇಳಿ ಬರೆಸಿಕೊಂಡರಾಗದೇ ಅನ್ನುತ್ತೀರಿ. ಬರೆಸಿಕೊಳ್ಳಿ, ಪ್ರತಿ ಸಾಲಿಗೂ ‘ಇದು ಯಾಕೆ?’ ಎಂದು ಅದನ್ನೇ ಕೇಳಿ. ಸಂದರ್ಶನದಲ್ಲಿ ಎದುರು ಕೂತವರು ಒಂದು ಸಾಲು ಅಳಿಸಿ ‘ಈಗ ಏನಾಗುತ್ತದೆ?’ ಅಂದಾಗ ಉತ್ತರ ನಿಮ್ಮ ಬಾಯಿಂದ ಬರಬೇಕಲ್ಲ.

ಐರೋಲಿಯಲ್ಲಾಗಲಿ, ಅಂಧೇರಿಯಲ್ಲಾಗಲಿ, ಪುಣೆಯ ಹಿಂಜವಡಿಯಲ್ಲಾಗಲಿ, ಮೊದಲ ಕೆಲಸದಲ್ಲಿ ಹೊಸ ಸೈಟು ಕಟ್ಟುವುದು ಕಡಿಮೆಯೇ. ಯಾರೋ ಬರೆದಿಟ್ಟ ಹಳೆಯ ಪುಟದಲ್ಲಿ ಕೆಟ್ಟುಹೋದ ಫಾರ್ಮ್ ಸರಿಮಾಡುವುದು, ಫೋನಿನಲ್ಲಿ ಹೊರಚಾಚುವ ಚಿತ್ರವನ್ನು ಒಳಗೆ ಕೂರಿಸುವುದು, ಇಂಥವೇ ಹೆಚ್ಚು. ಟೆಸ್ಟಿಂಗ್ ಅಥವಾ ಸಪೋರ್ಟ್ ಎಂದು ಕರೆದರೂ ಹೋಗಿ, ಒಳಗಿನಿಂದ ಈ ಕಡೆಗೆ ದಾಟಿಕೊಂಡವರು ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಆಫರ್ ಲೆಟರ್ ಕೈಗಿಡುವ ಮೊದಲು ‘ಡಿಪಾಸಿಟ್ ಕಟ್ಟಿ’, ‘ಟ್ರೇನಿಂಗ್ ಚಾರ್ಜ್ ಕೊಡಿ’ ಅನ್ನುವವರು ಸಿಕ್ಕರೆ ಒಂದು ರೂಪಾಯಿಯನ್ನೂ ಕೊಡದೆ ಎದ್ದು ಬನ್ನಿ.

ನಮಸ್ಕಾರ.